ಹಿಮಾಲಯ ಹತ್ತಿದ ಕಡಬದ ಲಾರಿ

ಕೈಯಲ್ಲಿ ಉಳಿ ಸುತ್ತಿಗೆ ಹಿಡಿದವನಿಗೆ ಫಜೀತಿಗಳಿಗೇನೂ ಬರವಿಲ್ಲ. ಹೈಸ್ಕೂಲಿನಲ್ಲಿ ಕ್ರಾಫ್ಟ್ ಮಾಸ್ಟರಾಗಿ ನಾನು ಕಂಡದ್ದು ಸಾಕಷ್ಟು. ಆದರೆ ಒಂದೇ ಒಂದು ಪುಟ್ಟ ಲಾರಿಯಿಂದ ನನಗೆ ಆದಷ್ಟು ಬೇರೆ ಯಾರಿಗೂ ಆಗಿರಲಿಕ್ಕಿಲ್ಲ.

ಚೀನಾ ಯುದ್ಧ ಮುಗಿದ ಮರುವರ್ಷದ ಮಾತು. ಆಗಿನ್ನೂ ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿನಲ್ಲೇ ಇದ್ದವು. ಶಾಲೆಗಳ ವಸ್ತುಪ್ರದರ್ಶನ ಸುಳ್ಯದಲ್ಲಿ ಎಂದು ಸುದ್ದಿ ಬಂತು. ನಮ್ಮ ಲೆಕ್ಕದ ಮಾಸ್ಟ್ರು ನನ್ನ ಕ್ರಾಫ್ಟ್ ಪೀರಿಯಡ್ಡಿನ ಮೇಲೆ ಕಣ್ಣಿಟ್ಟು ಬಹಳ ಕಾಲವಾಗಿತ್ತು. ಹೆಡ್‌ಮಾಸ್ಟ್ರು ಇಬ್ಬರನ್ನೂ ಕರೆದು ಹೇಳಿಬಿಟ್ಟರು: "ಮಾಸ್ಟ್ರೇ, ಬಹುಮಾನ ತಂದರೆ ಪೀರಿಯಡ್ ನಿಮ್ಮದು. ಇಲ್ಲದಿದ್ದರೆ ಲೆಕ್ಕಕ್ಕೆ."

ನಾನು ಹೆದರುವ ಆಸಾಮಿಯಲ್ಲ. "ಹಿಮಾಲಯ ಹತ್ತುವ ಮಿಲಿಟರಿ ಲಾರಿ ಮಾಡ್ತೇನೆ. ಬಹುಮಾನ ಇಡಲಿಕ್ಕೆ ಕಪಾಟಿನಲ್ಲಿ ಜಾಗ ಮಾಡಿ ಇಡಿ" ಎಂದು ಹೇಳಿ ಹೊರಟೆ.

ಅಳತೆಗೆ ಹೋದದ್ದು

ಮಾಡುತ್ತೇನೆ ಎಂದೆ, ಸರಿ. ಆದರೆ ಮಿಲಿಟರಿ ಲಾರಿಯನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಕಡಬದಲ್ಲಿ ಮರ ಸಾಗಿಸುವ ಲಾರಿಯೊಂದು ಹಿಂದೆ ಮಿಲಿಟರಿಯಲ್ಲಿದ್ದು ಹರಾಜಿನಲ್ಲಿ ಬಂದದ್ದು ಎಂದು ಯಾರೋ ಹೇಳಿದರು. ಒಂದು ಭಾನುವಾರ ಟೇಪು, ಪುಸ್ತಕ ಹಿಡಿದು ಬಸ್ಸು ಹತ್ತಿದೆ. ಇಸ್ತ್ರಿ ಹಾಕಿದ ಖಾಕಿ ಪ್ಯಾಂಟು ತೊಟ್ಟುಕೊಂಡದ್ದು ತಪ್ಪಾಯಿತೋ ಏನೋ.

ಲಾರಿ ರಸ್ತೆ ಬದಿಯಲ್ಲೇ ನಿಂತಿತ್ತು. ನಾನು ಮಾತಿಲ್ಲದೆ ಬಂಪರಿನಿಂದ ಅಳೆಯಲು ಶುರುಮಾಡಿದೆ. ಡ್ರೈವರ್ ಓಡಿಬಂದ. ನನ್ನ ಪ್ಯಾಂಟು ನೋಡಿದ, ಪುಸ್ತಕ ನೋಡಿದ, ಸೀದಾ ಹೋಗಿ ಹೋಟೆಲಿನಿಂದ ಚಾ ತಂದುಕೊಟ್ಟ.

"ಸಾರ್, ಮರಕ್ಕೆ ಪರ್ಮಿಟ್ ಉಂಟು."

ನಾನು "ಹ್ಞೂಂ" ಎಂದು ಚಾ ಕುಡಿಯುತ್ತಾ ಚಕ್ರದ ಅಳತೆ ಬರೆದುಕೊಂಡೆ.

"ಹಿಂದಿನ ದೀಪ ನಿನ್ನೆಯಷ್ಟೇ ಹೋದದ್ದು ಸಾರ್."

"ಹ್ಞೂಂ."

"ಬ್ರೇಕು ಮಾಡಿಸ್ಬೇಕು ಅಂತ ಎರಡು ವರ್ಷದಿಂದ ಯೋಚನೆ ಉಂಟು ಸಾರ್. ಎಂತ ಮಾಡುದು, ಪುರುಸೊತ್ತೇ ಇಲ್ಲ."

ಪಾಪ ಅನ್ನಿಸಿತು. "ನಾನು ಆಫೀಸರ್ ಅಲ್ಲ ಮಾರಾಯ. ಶಾಲೆಯ ಮಾಸ್ಟ್ರು. ಮಕ್ಕಳ ಪ್ರದರ್ಶನಕ್ಕೆ ಇದರದ್ದೇ ಒಂದು ಸಣ್ಣ ಲಾರಿ ಮಾಡ್ಲಿಕ್ಕೆ ಅಳತೆ" ಎಂದೆ.

ಅವನು ನನ್ನ ಕೈಯಲ್ಲಿದ್ದ ಅರ್ಧ ಲೋಟ ಚಾವನ್ನು ತೆಗೆದುಕೊಂಡು ತಾನೇ ಕುಡಿದ.

ಎಂಟಡಿ ಸೈನಿಕರು

ಒಂದು ಅಡಿಗೆ ಮುಕ್ಕಾಲು ಇಂಚಿನ ಲೆಕ್ಕದಲ್ಲಿ ಲಾರಿ ಎದ್ದಿತು. ಮೈಗೆ ಹಾಲೆ ಮರ, ಚಕ್ರಕ್ಕೆ ಹಳೆಯ ಚಪ್ಪಲಿಯ ರಬ್ಬರು, ಹಿಂದಿನ ಹೊದಿಕೆಗೆ ನನ್ನ ಕೊಡೆಯ ಬಟ್ಟೆ. ನೋಡಿದವರೆಲ್ಲ ಹೊಗಳಿದರು. ಹೊಗಳದೆ ಇರುವ ಹಾಗೇ ಇರಲಿಲ್ಲ ಬಿಡಿ. ಅದಕ್ಕೊಪ್ಪುವ ಆರು ಸೈನಿಕರನ್ನೂ ಕೆತ್ತಿದೆ.

ಲೆಕ್ಕದ ಮಾಸ್ಟ್ರು ಬಂದರು. ಸ್ಕೇಲು ಇಟ್ಟು ಒಬ್ಬ ಸೈನಿಕನನ್ನು ಅಳೆದರು. ಮುಖ ಅರಳಿತು.

"ಆರು ಇಂಚು ಉಂಟು. ನಿಮ್ಮ ಲೆಕ್ಕದಲ್ಲಿ ಇವ ಎಂಟಡಿ ಎತ್ತರ!"

"ಗಡಿ ಕಾಯುವವರು ಮತ್ತೆ? ನಮ್ಮ ನಿಮ್ಮ ಹಾಗೆ ಇದ್ದರೆ ಆಗ್ತದಾ?" ಎಂದೆ.

ಬಾಯಲ್ಲಿ ಬಿಟ್ಟುಕೊಡಲಿಲ್ಲವೇ ಹೊರತು ಲೆಕ್ಕ ತಪ್ಪಿದ್ದು ನನಗೂ ಗೊತ್ತಾಗಿತ್ತು. ಅವರು ಆಚೆ ಹೋದದ್ದೇ ತಡ, ಆರೂ ಜನರ ಕಾಲನ್ನು ಮೊಣಕಾಲಿಗೆ ಕತ್ತರಿಸಿ ಹಿಮದಲ್ಲಿ ಹೂತು ನಿಲ್ಲಿಸಿದೆ. ಹಿಮ ಎಂದರೆ ಹಲಗೆಯ ಮೇಲೆ ಪರ್ವತದ ಹಾಗೆ ರಾಶಿ ಹಾಕಿದ ಕಲ್ಲುಪ್ಪು. ಬಿಸಿಲಿಗೆ ಎಷ್ಟು ಚೆಂದ ಹೊಳೆಯುತ್ತಿತ್ತೆಂದರೆ, ಮರುದಿನ ಬಂದ ಲೆಕ್ಕದ ಮಾಸ್ಟ್ರು ಸ್ಕೇಲನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಈಗ ಸರಿ ಉಂಟು" ಎಂದರು, "ಆದರೆ ಪಾಪ, ಚಳಿ ಆಗ್ತದೆ."

ಹಿಮಾಲಯ ಬರಿದಾದದ್ದು

ಹೆಡ್‌ಮಾಸ್ಟ್ರ ಮನೆ ಶಾಲೆಗೆ ತಾಗಿಕೊಂಡೇ ಇತ್ತು. ಕೊಯಿಲದ ಕಡೆಯಿಂದ ಅವರು ಒಂದು ದನ ತಂದಿದ್ದರು. ಅದನ್ನು ಅವರು ಕರೆಯುತ್ತಿದ್ದ ಮರ್ಯಾದೆಯಲ್ಲಿ ನಮ್ಮನ್ನು ಯಾವತ್ತೂ ಕರೆದವರಲ್ಲ.

ಬಣ್ಣ ಒಣಗಲೆಂದು ನಾನು ಇಡೀ ಹಿಮಾಲಯವನ್ನು ಹಲಗೆ ಸಮೇತ ಜಗಲಿಯಲ್ಲಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಆ ದನ ಕಣ್ಣು ಮುಚ್ಚಿಕೊಂಡು, ಅವಸರವೇ ಇಲ್ಲದೆ, ಕೊನೆಯ ಶಿಖರವನ್ನು ನೆಕ್ಕುತ್ತಿದೆ. ಎರಡು ದೇಶಗಳ ಸೈನ್ಯ ಸೇರಿ ಅಲುಗಿಸಲಾಗದ ಪರ್ವತ ಖಾಲಿ! ಬರೀ ಹಲಗೆಯ ಮೇಲೆ ಆರು ಜನ ಕಾಲಿಲ್ಲದ ಸೈನಿಕರು ಬಿದ್ದಿದ್ದಾರೆ. ಪುಣ್ಯಕ್ಕೆ ಲಾರಿಗೆ ಏನೂ ಆಗಿರಲಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆಡ್‌ಮಾಸ್ಟ್ರನ್ನು ಕರೆತಂದು ತೋರಿಸಿದೆ. ಅವರು ಸೈನಿಕರ ಕಡೆ ನೋಡಲೇ ಇಲ್ಲ. ದನದ ಹೊಟ್ಟೆ ಸವರಿ ನೋಡಿದರು, ಗಾಬರಿಯಿಂದ ನೀರು ಕುಡಿಸಲು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನನ್ನನ್ನು ಆಫೀಸು ಕೋಣೆಗೆ ಕರೆದರು. ಕ್ಷಮೆ ಕೇಳುತ್ತಾರೆಂದು ಗತ್ತಿನಲ್ಲೇ ಹೋದೆ.

"ಮಾಸ್ಟ್ರೇ, ಇವತ್ತು ಅರ್ಧ ಸೇರು ಹಾಲು ಹೆಚ್ಚು. ನಾಳೆಯೂ ಒಂದು ಪರ್ವತ ಮಾಡಿ ಇಡಿ ನೋಡುವ."

ಹವಾಲ್ದಾರರ ತೀರ್ಪು

ಹಿಮಕ್ಕೆ ಬೂರುಗದ ಹತ್ತಿ ಹರಡಿ, ಲಾರಿಗೆ ಮತ್ತೊಮ್ಮೆ ಬಣ್ಣ ಕೊಟ್ಟು ಸುಳ್ಯಕ್ಕೆ ಒಯ್ದೆ. ತೀರ್ಪುಗಾರರು ಅಜ್ಜಾವರದ ನಿವೃತ್ತ ಹವಾಲ್ದಾರರು. ಹಿಮಾಲಯದಲ್ಲಿ ಮಿಲಿಟರಿ ಲಾರಿ ಓಡಿಸಿದವರು ಎಂದು ಆ ಕಡೆಯಲ್ಲೆಲ್ಲ ದೊಡ್ಡ ಹೆಸರು. ಪ್ರದರ್ಶನ ನೋಡಲು ಅವರ ಹೆಂಡತಿಯೂ ಬಂದಿದ್ದರು.

ಹವಾಲ್ದಾರರು ನಮ್ಮ ಲಾರಿಯ ಹತ್ತಿರ ಬರುವುದಕ್ಕೆ ಮೊದಲೇ, ಜೊತೆಗೆ ಬಂದಿದ್ದ ಲೆಕ್ಕದ ಮಾಸ್ಟ್ರು ಒಂದು ಹುಳುಕು ಹಿಡಿದರು. ನಮ್ಮ ಕಡೆ ಏರು ಹತ್ತುವ ಲಾರಿಯ ಹಿಂದೆ ಕ್ಲೀನರ್ ಮರದ ಅಡೆ ಹಿಡಿದು ನಡೆಯುತ್ತಾನಲ್ಲ, ಲಾರಿ ಹಿಂದೆ ಸರಿದರೆ ಚಕ್ರಕ್ಕೆ ಕೊಡಲು? ನಾನು ಹುಟ್ಟಿದಾರಭ್ಯ ಕಂಡ ಲಾರಿಗಳೆಲ್ಲ ಏರು ಹತ್ತುವುದು ಹಾಗೆಯೇ. ಏನೂ ಯೋಚಿಸದೆ ಒಬ್ಬ ಸೈನಿಕನ ಕೈಗೂ ಅಡೆ ಕೊಟ್ಟು ಲಾರಿಯ ಹಿಂದೆ ನಿಲ್ಲಿಸಿದ್ದೆ.

"ಮಿಲಿಟ್ರಿಯಲ್ಲಿ ಕ್ಲೀನರ್ ಉಂಟಾ ಮಾರಾಯ್ರೆ? ನೀವು ಮಾಡಿದ್ದು ಕಡಬದ ಮರದ ಲಾರಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪೀರಿಯಡ್ ಹೋಯಿತು ಅಂದುಕೊಂಡೆ. ಆ ಸೈನಿಕನನ್ನು ಕಿತ್ತು ಜೇಬಿಗೆ ಹಾಕೋಣವೆಂದು ಕೈ ಚಾಚುವಷ್ಟರಲ್ಲಿ ಹವಾಲ್ದಾರರು ಎದುರಿಗೇ ಬಂದು ನಿಂತರು.

ಲಾರಿಗೆ ಒಂದು ಸುತ್ತು ಬಂದರು. ಬಗ್ಗಿದರು. ಅಡೆ ಹಿಡಿದ ಸೈನಿಕನ ಹತ್ತಿರ ಅವರ ಬೆರಳು ನಿಂತಿತು. ನೋಡುತ್ತೇನೆ, ಕಣ್ಣಲ್ಲಿ ನೀರು!

"ಇದನ್ನು ನಿಮಗೆ ಯಾರು ಹೇಳಿದ್ದು ಮಾಸ್ಟ್ರೇ?"

"ಯಾರೂ ಹೇಳ್ಲಿಲ್ಲ. ಎಲ್ಲ ಲಾರಿಗೂ ಉಂಟಲ್ಲ ಅಂತ…"

"ಎಲ್ಲರೂ ಲಾರಿ ಮಾಡ್ತಾರೆ. ಇದನ್ನು ಯಾರೂ ಮಾಡುದಿಲ್ಲ. ಹಿಮದಲ್ಲಿ ಚಕ್ರ ಜಾರಿದರೆ ಓಡಿ ಹೋಗಿ ಅಡೆ ಕೊಡ್ಬೇಕು. ಅರೆ ನಿಮಿಷ ತಡ ಆದ್ರೆ ಲಾರಿಯೂ ಇಲ್ಲ, ಡ್ರೈವರೂ ಇಲ್ಲ. ಎರಡು ಚಳಿಗಾಲ ಇದನ್ನೇ ಹಿಡ್ಕೊಂಡು ಲಾರಿ ಹಿಂದೆ ಓಡಿದವ ನಾನು!"

ಅಲ್ಲೇ ಮೊದಲನೆಯ ಬಹುಮಾನದ ಚೀಟಿ ಅಂಟಿಸಿಬಿಟ್ಟರು. ಕ್ರಾಫ್ಟ್ ಪೀರಿಯಡ್ ಉಳಿಯಿತು. ನನಗೆ ಕುಣಿದುಬಿಡೋಣ ಅನ್ನಿಸಿತು.

ಲೆಕ್ಕದ ಮಾಸ್ಟ್ರಿಗೆ ಮಾತ್ರ ಯಾವ ಲೆಕ್ಕವನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ.

"ನೀವು ಹಿಂದೆ ಓಡಿದ್ದಾದರೆ, ಲಾರಿ ಓಡಿಸಿದ್ದು ಯಾರು?"

"ಒಬ್ಬ ಪಂಜಾಬಿ. ಭಾರೀ ಒಳ್ಳೆಯವ…" ಎಂದ ಹವಾಲ್ದಾರರ ಮಾತು ಅಲ್ಲೇ ನಿಂತಿತು.

ಹಿಂದಿನಿಂದ ಅವರ ಹೆಂಡತಿಯ ಸ್ವರ ಬಂತು. "ಮತ್ತೆ ಡ್ರೈವರ್ ಅಂತ ಹೇಳಿ ಅಲ್ವಾ ನನ್ನ ಅಪ್ಪನ ಹತ್ರ ಹೆಣ್ಣು ಕೇಳಿದ್ದು?"

ಆಕೆ ಸೆರಗು ಸಿಕ್ಕಿಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬರತೊಡಗಿದರು. ಹವಾಲ್ದಾರರು ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು:

"ಮಾಸ್ಟ್ರೇ, ಅಡೆ ಕೊಡಿ ಬೇಗ!"