ಶ್ರವಣ ಸಹಾಯಕ, ಕ್ರಮಸಂಖ್ಯೆ ನಾನೂರ ಹನ್ನೆರಡು

ಒಬ್ಬ ಜೀವಂತ ಮನುಷ್ಯನನ್ನು ಸರ್ಕಾರಿ ಉಪಕರಣವೆಂದು ದಾಸ್ತಾನು ಪುಸ್ತಕದಲ್ಲಿ ದಾಖಲಿಸಿಕೊಂಡ ಐತಿಹಾಸಿಕ ದಿನ ಆ ಕಚೇರಿಯಲ್ಲಿ ಹಾಜರಿದ್ದ ಏಕೈಕ ಹೊರಗಿನವ ನಾನೇ. ಗುಮಾಸ್ತರ ಕೈ ನಡುಗಿದಾಗ ಪುಸ್ತಕ ಅಲ್ಲಾಡದಂತೆ ಹಿಡಿದವನೂ ನಾನೇ. ಇದು ಶುದ್ಧ ಸುಳ್ಳು. ಆ ಹೊತ್ತಿಗೆ ನಾನು ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಮೀಸೆಯಲ್ಲಿ ಕೂತಿದ್ದೆ. ಗುಮಾಸ್ತರ ಕೈಯೂ ನಡುಗಲಿಲ್ಲ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅದು ಯಾವುದಕ್ಕೂ ನಡುಗಿದ ದಾಖಲೆಯಿಲ್ಲ. ಉಳಿದದ್ದೆಲ್ಲ ನಿಜ. ಅನುಮಾನವಿದ್ದವರು ನಕಲು ಪ್ರತಿಗೆ ಅರ್ಜಿ ಹಾಕಿಕೊಳ್ಳಬಹುದು.

ನಿವೃತ್ತ ಯೋಧರ ಸಹಾಯ ಕಚೇರಿಯ ನಿಯಮ ಹೀಗಿತ್ತು: ಕಿವಿ ಮಂದವಾದ ಮಾಜಿ ಸೈನಿಕರಿಗೆ ಶ್ರವಣ ಸಹಾಯಕವನ್ನು ಉಚಿತವಾಗಿ ನೀಡತಕ್ಕದ್ದು. ಅರ್ಜಿದಾರನು ಖುದ್ದು ಹಾಜರಿರತಕ್ಕದ್ದು. ಅವನ ಹೆಸರನ್ನು ಮೂರು ಸಲ ಕರೆಯತಕ್ಕದ್ದು. ಓಗೊಡದವನು ಗೈರುಹಾಜರು. ಓಗೊಟ್ಟವನಿಗೆ ಕಿವಿ ಕೇಳಿಸುತ್ತದೆಯಾದ್ದರಿಂದ ಅವನ ಅರ್ಜಿ ವಜಾ. ಈ ನಿಯಮ ಜಾರಿಗೆ ಬಂದಂದಿನಿಂದ ಒಂಬತ್ತು ವರ್ಷ, ಕಚೇರಿಯ ವಾರ್ಷಿಕ ವರದಿ "ನಮ್ಮ ವ್ಯಾಪ್ತಿಯಲ್ಲಿ ಕಿವುಡುತನ ಸಂಪೂರ್ಣ ನಿರ್ಮೂಲವಾಗಿದೆ" ಎಂದು ಸಂತೋಷದಿಂದ ತಿಳಿಸುತ್ತ ಬಂದಿತ್ತು.

ಇನ್ನು ಹವಾಲ್ದಾರರ ವಿಷಯ. ಅವರು ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಕವಾಯತು ಕಲಿಸಿದವರು. ಮೈದಾನದ ಈ ತುದಿಯಲ್ಲಿ ನಿಂತು "ಸಾವಧಾನ್!" ಅಂದರೆ ಆ ತುದಿಯಲ್ಲಿ ಹುಲ್ಲು ಮೇಯುತ್ತಿದ್ದ ಹೇಸರಗತ್ತೆಯೂ ಕಾಲು ಜೋಡಿಸುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಆ ಗಂಟಲನ್ನು ಎಲ್ಲಿಡಬೇಕೋ ಯಾರಿಗೂ ತಿಳಿಯಲಿಲ್ಲ. ಎರಡು ಕೋಣೆಯ ಮನೆ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

"ರೀ, ಸ್ವಲ್ಪ ಮೆಲ್ಲಗೆ ಮಾತಾಡಿ," ಎನ್ನುತ್ತಿದ್ದರು ಹೆಂಡತಿ.

"ಮೆಲ್ಲಗೇ ಮಾತಾಡ್ತಿದೀನಲ್ಲೇ!"

"ನೀವು ಮೆಲ್ಲಗೆ ಅಂದಿದ್ದಕ್ಕೇ ಮಹಡಿ ಮೇಲಿನ ಮಗು ಎದ್ದು ಅಳ್ತಿದೆ."

ಹೀಗಾಗಿ ಹವಾಲ್ದಾರರು ಬಾಯಿ ಮುಚ್ಚಿಕೊಂಡಿರುವುದನ್ನು ಅಭ್ಯಾಸ ಮಾಡಿಕೊಂಡರು. ಕಸ ಗುಡಿಸುವಾಗ ಕಾಲೆತ್ತುವುದು, ನೆಲ ಒರೆಸುವಾಗ ಕುರ್ಚಿ ಸಮೇತ ಸರಿಯುವುದು, ಉಳಿದ ಹೊತ್ತು ಗೋಡೆಯ ಕ್ಯಾಲೆಂಡರು ನೋಡುವುದು. ಕೆಲಸಕ್ಕೆ ಬಾರದವನು ಎಂದು ಅವರಿಗೆ ಯಾರೂ ಅಂದಿರಲಿಲ್ಲ. ಆದರೂ ದಿನಕ್ಕೆ ನಾಲ್ಕು ಸಲ ಅವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅವರ ಸೈನ್ಯದ ಗೆಳೆಯನೊಬ್ಬನಿದ್ದ. ಎಲ್ಲರೂ ಅವನನ್ನು ಫಿರಂಗಿ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಫಿರಂಗಿಯ ಪಕ್ಕದಲ್ಲಿ ನಿಂತು ಎರಡೂ ಕಿವಿಯನ್ನು ಅಲ್ಲೇ ಬಿಟ್ಟುಬಂದವನು. ಹವಾಲ್ದಾರರ ಮಾತು ಬಿಟ್ಟರೆ ಲೋಕದ ಯಾವ ಮಾತೂ ಅವನನ್ನು ತಲುಪುತ್ತಿರಲಿಲ್ಲ. ಒಂದು ಬೆಳಿಗ್ಗೆ ಉದ್ಯಾನದ ಬೆಂಚಿನ ಮೇಲೆ ಅವನು ಮನಸ್ಸು ಬಿಚ್ಚಿದ.

"ಮೊಮ್ಮಗಳು ಮಾತು ಕಲ್ತಿದಾಳಂತೆ ಕಣಯ್ಯಾ. ತಾತ ಅಂತಾಳಂತೆ. ಮಗಳು ಬರ್ದು ತೋರಿಸ್ತಾಳೆ, ಅಳಿಯ ಕೈ ಸನ್ನೆ ಮಾಡ್ತಾನೆ. ನಂಗ್ಯಾಕೋ ಅನುಮಾನ. ಮುದುಕನ ಸಮಾಧಾನಕ್ಕೆ ಹೇಳ್ತಿದಾರೇನೋ. ಬಾಯಿ ನೋಡಿದ್ರೆ 'ಪಾಪ' ಅಂದಂಗೂ ಕಾಣುತ್ತೆ. ಒಂದೇ ಒಂದ್ಸಲ ಈ ಕಿವೀಲಿ ಕೇಳ್ಬೇಕು. ಅಷ್ಟೇ."

"ಅರ್ಜಿ ಹಾಕು!" ಎಂದರು ಹವಾಲ್ದಾರರು. ಸುತ್ತಲಿನ ಮೂರು ಬೆಂಚು ಖಾಲಿಯಾದವು.

"ಮೂರು ಸಲ ಹಾಕ್ದೆ. ಮೂರು ಸಲಾನೂ ನಾನು ಬಂದೇ ಇಲ್ಲ ಅಂತ ಬರ್ದವ್ರೆ. ಅವ್ರ ಮೂಗಿನ ಮುಂದೆನೇ ಕೂತಿದ್ದೆ."

ಮರುದಿನ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಯ ಮೊದಲ ಬೆಂಚಿನಲ್ಲಿ ಕೂತರು. ಗುಮಾಸ್ತರು ಕಡತದೊಳಗೆ ಮುಖವಿಟ್ಟು, ಕಡತಕ್ಕೇ ಗುಟ್ಟು ಹೇಳುವವರಂತೆ ಫಿರಂಗಿಯ ಹೆಸರು ಕರೆದರು. ಎರಡನೇ ಸಲ ಕರೆದರು. ಮೂರನೇ ಸಲಕ್ಕೆ ಹವಾಲ್ದಾರರಿಗೆ ತಡೆಯಲಾಗಲಿಲ್ಲ.

"ನಿನ್ನನ್ನೇ ಕರೀತಿರೋದು ಕಣೋ! ಎದ್ದೇಳು!"

ಫಿರಂಗಿ ಎದ್ದ. ಅವನ ಜೊತೆ ಬೆಂಚಿನಲ್ಲಿದ್ದ ಮಿಕ್ಕ ಆರು ಜನ ಎದ್ದರು, ಒಳಕೋಣೆಯಲ್ಲಿ ತೂಕಡಿಸುತ್ತಿದ್ದ ಸಾಹೇಬರೂ ಎದ್ದರು. ಬೀರುವಿನ ಮೇಲೆ ಹನ್ನೊಂದು ವರ್ಷದಿಂದ ಕೂತಿದ್ದ ಒಂದು ಕಡತ ಮೊಟ್ಟಮೊದಲ ಬಾರಿಗೆ ಮುಂದೆ ಸರಿದು ಕೆಳಗೆ ಬಿತ್ತು.

"ಓಗೊಟ್ರು. ಅಂದ್ರೆ ಕೇಳಿಸ್ತು. ವಜಾ," ಎಂದರು ಗುಮಾಸ್ತರು.

"ಅವನಿಗೆ ಕೇಳಿಸಿದ್ದು ನನ್ನ ದನಿ ಸ್ವಾಮಿ, ನಿಮ್ಮದಲ್ಲ!"

"ಹಾಗಾದ್ರೆ ನಿಮ್ಮ ಸಹಾಯ ಇದ್ರೆ ಇವ್ರಿಗೆ ಕೇಳಿಸುತ್ತೆ?"

"ಮತ್ತೆ!"

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂದ್ರೆ ನೀವೇ ಇವ್ರ ಶ್ರವಣ ಸಹಾಯಕ."

ಸಾಹೇಬರು ಹೊರಬಂದು ಸುತ್ತೋಲೆಯನ್ನು ಎರಡು ಸಲ ಓದಿದರು. "ಶ್ರವಣ ಸಹಾಯಕ ಅಂದ್ರೆ ಯಂತ್ರ ಅಂತ ಇದ್ರಲ್ಲಿ ಎಲ್ಲೂ ಬರ್ದಿಲ್ಲ. ಶ್ರವಣಕ್ಕೆ ಸಹಾಯ ಮಾಡ್ಬೇಕು, ಅಷ್ಟೇ. ಮಾಡುತ್ತೆ."

"ಮಾಡ್ತಾರೆ, ಸಾರ್," ಎಂದು ಗುಮಾಸ್ತರು ವಿನಯದಿಂದ ತಿದ್ದಿದರು.

"ದಾಸ್ತಾನಿಗೆ ತಗೊಂಡ್ಮೇಲೆ 'ಮಾಡುತ್ತೆ'ನೇ ಸರಿ ಕಣ್ರೀ."

ವ್ಯಾಕರಣದ ತೊಡಕು ಹೀಗೆ ಬಗೆಹರಿದದ್ದರಿಂದ ಹವಾಲ್ದಾರರನ್ನು ಕ್ರಮಸಂಖ್ಯೆ ನಾನೂರ ಹನ್ನೆರಡರಲ್ಲಿ ದಾಖಲಿಸಲಾಯಿತು. ಬಣ್ಣ: ಗೋಧಿ. ಸ್ಥಿತಿ: ಬಳಸಿದ್ದು, ಆದರೆ ಗಟ್ಟಿಮುಟ್ಟು. ಬ್ಯಾಟರಿ: ಬೇಡ. ಬಲಮಂಡಿಯಲ್ಲಿರುವ ಉಕ್ಕಿನ ಸರಳನ್ನು 'ಬಿಡಿಭಾಗ' ಎಂದು ನಮೂದಿಸಿ, ಅಂಗಿಯ ಜೇಬಿಗೆ ಚೀಟಿ ಅಂಟಿಸಿ, ಫಿರಂಗಿಯಿಂದ ರಸೀದಿ ಪಡೆದು ಅವರನ್ನು ಹಸ್ತಾಂತರಿಸಲಾಯಿತು. ಹಿಂದಿನ ವಾರಸುದಾರರ ಒಪ್ಪಿಗೆ ಬೇಕಾದ್ದರಿಂದ ಹೆಂಡತಿಗೆ ಹೇಳಿಕಳಿಸಿದರು.

"ವಾಪಸ್ ಕೊಡೋ ನಿಯಮ ಏನಾದ್ರೂ ಇದೆಯಾ?" ಎಂದು ಆಕೆ ಕೇಳಿದರು.

"ಕೆಟ್ಟುಹೋಗೋ ತನಕ ಇಲ್ಲಮ್ಮಾ."

"ಎಲ್ಲಿ ಸೈನು?"

ಹವಾಲ್ದಾರರ ಬಾಳು ಬೆಳಗಿತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೋಗಿ ಫಿರಂಗಿಯ ಎಡಗಿವಿಯ ಪಕ್ಕ ನಿಲ್ಲುತ್ತಿದ್ದರು. ಹಾಲಿನವನು ಹೇಳಿದ್ದು, ರೇಡಿಯೋ ಹೇಳಿದ್ದು, ಅಳಿಯ ಗೊಣಗಿದ್ದು, ಎಲ್ಲವನ್ನೂ ಚಾಚೂ ತಪ್ಪದೆ ದಾಟಿಸುತ್ತಿದ್ದರು. ಬೀದಿಯ ಜನ ಪತ್ರಿಕೆ ತರಿಸುವುದನ್ನು ಬಿಟ್ಟರು. ಬಳಕೆಯ ಸೂಚನೆಯಲ್ಲಿ "ನೀರು ತಾಗಿಸಕೂಡದು" ಎಂದಿದ್ದ ಕಾರಣ ಹವಾಲ್ದಾರರು ನಾಲ್ಕು ದಿನ ಸ್ನಾನ ಮಾಡಲಿಲ್ಲ. ಐದನೇ ದಿನ ಹೆಂಡತಿ ಆ ಸೂಚನೆಯನ್ನೇ ತೊಳೆದು ಒಣಹಾಕಿದರು.

ಒಂದೇ ಕೊರತೆ. ಯಾವ ಮಾತಿಗಾಗಿ ಇಷ್ಟೆಲ್ಲ ನಡೆದಿತ್ತೋ ಅದು ಮಾತ್ರ ದಾಟಲಿಲ್ಲ. ಮೊಮ್ಮಗಳು ಮೊದಲ ದಿನವೇ ಫಿರಂಗಿಯ ಪಂಚೆ ಹಿಡಿದು ಏನೋ ಅಂದಳು. ಹವಾಲ್ದಾರರು ಎದೆಯುಬ್ಬಿಸಿ ಕಿವಿಗೆ ಬಾಯಿಟ್ಟು "ತಾತ!" ಎಂದು ಗರ್ಜಿಸಿದರು. ಮಗು ಮಂಚದ ಕೆಳಗೆ ಸೇರಿಕೊಂಡಿತು. ಅಂದಿನಿಂದ ಹವಾಲ್ದಾರರ ಬೂಟಿನ ಸದ್ದಾದರೆ ಸಾಕು, ಅದರ ಬಾಯಿಂದ ಚಕಾರ ಹೊರಡುತ್ತಿರಲಿಲ್ಲ.

"ಕೇಳಿಸ್ತೇನೋ?" ಎಂದು ಹವಾಲ್ದಾರರು ಕೇಳಿದ್ದರು.

"ಕೇಳಿಸ್ತು," ಎಂದಿದ್ದ ಫಿರಂಗಿ. ಮಂಚದ ಕಡೆ ನೋಡಿ, "ಆದ್ರೆ ಅದು ನಿನ್ನ ದನಿ ಕಣಯ್ಯಾ," ಎಂದ.

ಎಂಟು ತಿಂಗಳ ನಂತರ ಕಚೇರಿಗೆ ನಿಜವಾದ ಯಂತ್ರಗಳು ಬಂದವು. ಹುಣಿಸೆಬೀಜದಷ್ಟು ಸಣ್ಣವು, ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿದ್ದವು. ಜೊತೆಗೆ ನಿಯಮವೂ ಬಂತು: ಹಳೆಯ ಸಹಾಯಕ ನಿರುಪಯುಕ್ತವೆಂದು ಸಮಿತಿ ಪ್ರಮಾಣೀಕರಿಸಿದ ಹೊರತು ಹೊಸದನ್ನು ಕೊಡತಕ್ಕದ್ದಲ್ಲ.

ಹವಾಲ್ದಾರರು ಈ ಸುದ್ದಿಯನ್ನೂ ಚಾಚೂ ತಪ್ಪದೆ ದಾಟಿಸಿದರು. ಫಿರಂಗಿ ಕೈ ಅಲ್ಲಾಡಿಸಿಬಿಟ್ಟ. "ನಂಗ್ಯಾಕಯ್ಯಾ ಹೊಸದು? ನೀನಿದೀಯಲ್ಲ." ಹಾಗೆಂದು ಅವನು ಮಂಚದ ಕೆಳಗೆ ಬಗ್ಗಿ ನೋಡಿದ. ಎರಡು ಪುಟ್ಟ ಪಾದ ಇನ್ನಷ್ಟು ಒಳಕ್ಕೆ ಸರಿದವು.

ಹವಾಲ್ದಾರರು ಆ ದಿನ ಬೇಗ ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ಕೂತರು. ಪ್ರಮಾಣಪತ್ರ ಆಯಿತೆಂದರೆ ಮತ್ತೆ ಈ ಕುರ್ಚಿ, ಮತ್ತೆ ಕಾಲೆತ್ತುವ ಕೆಲಸ. ಕೊನೆಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಲೇ, ನಂಗೆ ಪಿಸುಗುಟ್ಟೋದು ಹೇಳ್ಕೊಡ್ತೀಯಾ?" ಎಂದರು.

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. "ಮೊದ್ಲು ಹೊಟ್ಟೆ ಒಳಗೆ ಎಳ್ಕೊಳಿ. ಈಗ ಉಪ್ಪು ಅನ್ನಿ."

"ಉಪ್ಪು!"

ಪಕ್ಕದ ಮನೆಯಾಕೆ ತಂದುಕೊಟ್ಟರು. ಆರನೇ ದಿನಕ್ಕೆ ತರುವುದು ನಿಂತಿತು.

ಪರೀಕ್ಷೆಯ ದಿನ ಸಮಿತಿಯ ಮೂವರೂ ಮೇಜಿನ ಹಿಂದೆ ಕೂತಿದ್ದರು: ಸಾಹೇಬರು, ಗುಮಾಸ್ತರು, ಮತ್ತು ಮೂವರಾಗಬೇಕೆಂದು ಕರೆತಂದಿದ್ದ ಪಂಪು ರಿಪೇರಿಯವರು. ಹವಾಲ್ದಾರರ ಬಲವಂತಕ್ಕೆ ಫಿರಂಗಿ ಒಲ್ಲದ ಮನಸ್ಸಿನಿಂದ ಬಂದಿದ್ದ. ಪರೀಕ್ಷಾ ವಾಕ್ಯವನ್ನು ನಮೂನೆಯಲ್ಲೇ ಅಚ್ಚುಹಾಕಿದ್ದರು. ಸಾಹೇಬರು ಓದಿದರು: "ಈ ವಸ್ತುವು ಇನ್ನು ಯಾರ ಉಪಯೋಗಕ್ಕೂ ಬಾರದು. ಹ್ಞೂಂ, ದಾಟಿಸಿ."

ಹವಾಲ್ದಾರರು ಬಾಯಿ ತೆರೆದರು. ಇಪ್ಪತ್ತೆಂಟು ವರ್ಷದ ಗಂಟಲು ಒಳಗೆ ಎದ್ದು ನಿಂತಿತ್ತು. ಅದಕ್ಕೆ ವಿಶ್ರಾಮ್ ಕೊಟ್ಟು, ಗೆಳೆಯನ ಕಿವಿಯ ಹತ್ತಿರ ಬಗ್ಗಿ, ಆ ವಾಕ್ಯವನ್ನು ಪೂರ್ತಿ, ಒಂದಕ್ಷರ ಬಿಡದೆ, ಉಸಿರಿನಲ್ಲಿ ಹೇಳಿದರು.

"ಏನು?" ಎಂದ ಫಿರಂಗಿ.

ಮತ್ತೊಮ್ಮೆ ಹೇಳಿದರು. ಫಿರಂಗಿ ತಿರುಗಿ ಅವರ ಮುಖ ನೋಡಿದ. ತುಟಿ ಅಲ್ಲಾಡುತ್ತಿತ್ತು, ಕಣ್ಣು ನೆಟ್ಟಗೆ ಗೋಡೆ ನೋಡುತ್ತಿತ್ತು. ಅವನಿಗೆ ವಿಷಯ ತಿಳಿಯಿತು. ಸಮಿತಿಯ ಕಡೆ ತಿರುಗಿ, "ಕೆಟ್ಟೋಗಿದೆ ಸಾರ್," ಎಂದ.

ಪಂಪು ರಿಪೇರಿಯವರು ಹವಾಲ್ದಾರರ ಬೆನ್ನಿಗೆ ಎರಡು ಸಲ ತಟ್ಟಿ, ಕಿವಿಗೊಟ್ಟು, "ಗಾಳಿ ಬರ್ತಿದೆ, ಸದ್ದು ಬರ್ತಿಲ್ಲ. ವಾಷರ್ ಹೋಗಿದೆ," ಎಂದು ಷರಾ ಬರೆದರು. ಜೇಬಿನ ಚೀಟಿಯ ಮೇಲೆ 'ನಿರುಪಯುಕ್ತ' ಎಂದು ಮೊಹರು ಬಿತ್ತು. ನಿಯಮದಂತೆ ಗುಜರಿಯವನನ್ನು ಕರೆಸಿದರು. ಅವನು ಹವಾಲ್ದಾರರ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಮಂಡೀಲಿರೋ ಸರಳು ಬಿಟ್ರೆ ಬೇರೇನೂ ಇಲ್ವಲ್ಲ ಸಾರ್. ಅದನ್ನ ಬಿಚ್ಚೋ ಕೂಲಿನೂ ಹುಟ್ಟಲ್ಲ."

"ನಂಗೇ ಬರ್ಕೊಡಿ," ಎಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ಇಷ್ಟು ವರ್ಷ ಇಟ್ಕೊಂಡಿದೀನಿ, ಜಾಗ ಗೊತ್ತಿದೆ."

ಫಿರಂಗಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮನೆಗೆ ಹೋಗಿ, ನೆಲದ ಮೇಲೆ ಕೂತು ಕಾದ. ಬೂಟಿನ ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಮಗು ಹೊರಬಂದು ಅವನ ಮೂಗು ಹಿಡಿದು, "ತಾತ," ಎಂದಿತು. ಆಮೇಲೆ ಬಾಗಿಲಿಗೂ ತಾತ ಎಂದಿತು, ಚೊಂಬಿಗೂ ತಾತ ಎಂದಿತು. ಫಿರಂಗಿ ಮರುದಿನ ಬಂದು ಹವಾಲ್ದಾರರಿಗೆ ವರದಿ ಒಪ್ಪಿಸಿದ: "ಚೊಂಬಿಗಿಂತ ಮೊದ್ಲು ನಂಗೇ ಅಂದ್ಲು!" ಆ ಮಾತನ್ನು ಅವನು ಕೂಗಿ ಹೇಳಿದ. ಹವಾಲ್ದಾರರು, "ಮೆಲ್ಲಗೆ ಮಾತಾಡೋ," ಎಂದರು.

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಿಕ್ಕ ಕಿವಿಮಂದ ಯೋಧರು ಯಂತ್ರ ಕೇಳಲು ಹೋದಾಗ ಗುಮಾಸ್ತರು ನಿಯಮ ತೋರಿಸಿದರು: "ಹಳೇದು ಕೆಟ್ರೆ ತಾನೇ ಹೊಸದು? ನಿಮ್ಮ ಹತ್ರ ಹಳೇದೇ ಇಲ್ವಲ್ಲ, ಕೆಡೋದೇನು?" ಅವರೆಲ್ಲ ಸಾಲಾಗಿ ಹವಾಲ್ದಾರರ ಮನೆಗೆ ಬಂದರು. ಹೆಂಡತಿ "ಮನೆಯಲ್ಲೇ ದುರಸ್ತಿಯಾಗಿದೆ" ಎಂದು ಬರೆದು ಸೈನು ಹಾಕಿದರು. ಕಚೇರಿ ಹವಾಲ್ದಾರರನ್ನು ಮತ್ತೆ ದಾಸ್ತಾನಿಗೆ ತೆಗೆದುಕೊಂಡು ಮೊದಲನೆಯವನಿಗೆ ಹಸ್ತಾಂತರಿಸಿತು. ಒಂದು ವಾರ ದುಡಿದು, ಎಂಟನೇ ದಿನ ಅವರು ಸಮಿತಿಯ ಮುಂದೆ ಶಾಸ್ತ್ರೋಕ್ತವಾಗಿ ಕೆಟ್ಟರು. ಆಮೇಲೆ ಎರಡನೆಯವನಿಗೆ. ಆಮೇಲೆ ಮೂರನೆಯವನಿಗೆ.

ಈಗ ಮೂವತ್ತೊಂದು ಮುದುಕರಿಗೆ ಕಿವಿ ಕೇಳಿಸುತ್ತದೆ. ಹವಾಲ್ದಾರರ ಗೋಡೆಯಲ್ಲಿ ಕ್ಯಾಲೆಂಡರಿಗೆ ಜಾಗವಿಲ್ಲ. ಮೂವತ್ತೊಂದು 'ನಿರುಪಯುಕ್ತ' ಪ್ರಮಾಣಪತ್ರಗಳು ಕಟ್ಟುಹಾಕಿಸಿಕೊಂಡು ನೇತಾಡುತ್ತಿವೆ. ಇಷ್ಟು ನಿಯತ್ತಾಗಿ ಕೆಡುವ ಉಪಕರಣವನ್ನು ತಾವು ಕಂಡಿಲ್ಲವೆಂದು ಸಾಹೇಬರು ವಾರ್ಷಿಕ ವರದಿಯಲ್ಲಿ ಮೆಚ್ಚುಗೆ ಸೂಚಿಸಿದ್ದಾರೆ. ಬೀದಿಯಲ್ಲಿ ಯಾರಾದರೂ ಎದುರಾಗಿ, "ಮತ್ತೆ ಯಾವಾಗ ಕೆಡ್ತೀರಿ ಹವಾಲ್ದಾರ್ರೇ?" ಎಂದರೆ, ಅವರು ಎದೆಯುಬ್ಬಿಸಿ, "ಶುಕ್ರವಾರ, ಹನ್ನೊಂದಕ್ಕೆ!" ಎನ್ನುತ್ತಾರೆ. ಪಿಸುಮಾತಿನಲ್ಲಲ್ಲ.

ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲೂ ಒಣಗಿ ಎರಡು ಲೋಟ ಚಹಾ ಇಳಿದುಹೋಗಿದೆ. ಜೇಬಿನಲ್ಲಿ ಕೈಹಾಕಿ ನೋಡಿದೆ, ಅದೂ ನಿರುಪಯುಕ್ತ. ಪ್ರಮಾಣಪತ್ರ ಬರುವವರೆಗೆ ಚಹಾದ ದುಡ್ಡು ನೀವೇ ಕೊಟ್ಟಿರಿ.