ಟೋಪಿ ಅಡ್ಡ ಹಿಡಿಯಲು ಯಾರೂ ಒಪ್ಪದ ಊರಿನಿಂದ ಸೂರ್ಯ ಮಹಾಶಯರಿಗೆ

ಎರಡು ತಿಂಗಳ ದೀರ್ಘ ರಜೆ ಮುಗಿಸಿ ಕಳೆದ ವಾರವಷ್ಟೇ ಕೆಲಸಕ್ಕೆ ಮರಳಿದ, ಪರಮ ಪ್ರಕಾಶಮಾನರಾದ ಮಾನ್ಯ ಸೂರ್ಯ ಮಹಾಶಯರೇ,

ಉತ್ತರ ನಾರ್ವೆಯ ಗ್ರಾನ್‌ವಿಕ್ ಎಂಬ ಪುಟ್ಟ ಬಂದರಿನ ಛಾಯಾಗ್ರಾಹಕ ಹೋಲ್ಗರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ನವೆಂಬರಿನಲ್ಲಿ ನಮ್ಮನ್ನು ಹಗಲೂ ಕತ್ತಲಲ್ಲಿ ಬಿಟ್ಟು, ಹೇಳದೆ ಕೇಳದೆ ಹೊರಟುಹೋದದ್ದಕ್ಕೆ ನಮಗೇನೂ ಬೇಸರವಿಲ್ಲ. ದೊಡ್ಡವರ ರಜೆಯನ್ನು ಪ್ರಶ್ನಿಸಲು ನಾವ್ಯಾರು? ಜನವರಿಯಲ್ಲಿ ತಾವು ಬೆಟ್ಟದ ಸಂದಿಯಿಂದ ಕೆಲ ನಿಮಿಷವಷ್ಟೇ ಇಣುಕುವ ದಿನ ಶಾಲೆಗೆ ರಜೆ ಕೊಟ್ಟು, ಜಾಮ್ ತುಂಬಿದ ಬನ್ನು ಕೈಯಲ್ಲಿ ಹಿಡಿದು, ಊರಿಗೆ ಊರೇ ಬಂದರಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ತಮ್ಮನ್ನು ಸ್ವಾಗತಿಸುತ್ತದೆ. ಆ ಸಾಲಿನ ಚಿತ್ರ ತೆಗೆದು ಸಭಾಭವನದ ಗೋಡೆಗೆ ಹಾಕುವುದು ನನ್ನ ಪಾಲಿನ ಕೆಲಸ. ನನ್ನ ದೂರೂ ಅದರ ಬಗ್ಗೆಯೇ.

ತಾವು ಚೌಕಟ್ಟಿನ ಹೊರಗೆ, ಒಂದು ಪಕ್ಕದಲ್ಲಿ, ತೀರಾ ತಗ್ಗಿನಲ್ಲಿ ನಿಂತು ನನ್ನ ಲೆನ್ಸಿನೊಳಕ್ಕೆ ಓರೆಯಾಗಿ ನುಗ್ಗುತ್ತೀರಿ. ಒಳಗಿನ ಗಾಜುಗಳ ನಡುವೆ ಪುಟಿದಾಡಿ ಚಿತ್ರದ ತುಂಬ ಹಸಿರು, ನೇರಳೆ ಬಣ್ಣದ ಬೊಟ್ಟುಗಳನ್ನು ಇಟ್ಟು ಹೋಗುತ್ತೀರಿ. ತಮ್ಮ ಕಲಾಭಿರುಚಿ ದೊಡ್ಡದು. ಆದರೆ ಎಲ್ಲಕ್ಕಿಂತ ದಪ್ಪನೆಯ ಹಸಿರು ಬೊಟ್ಟು ವರ್ಷ ವರ್ಷವೂ ಸಾಲಿನ ತುದಿಯಲ್ಲಿ ನಿಲ್ಲುವ ಗುನ್ವೋರ್ ಅತ್ತೆಯ ಮುಖದ ಮೇಲೇ ಬೀಳಬೇಕೆ? ಊರಿಗೆಲ್ಲ ಅತ್ತೆಯಾದ ಆಕೆಗೆ ಆ ಗೋಡೆಯ ಯಾವ ಚಿತ್ರದಲ್ಲೂ ಮುಖವಿಲ್ಲ. ಆಕೆಯ ಕೋಟಿನ ಮೇಲೆ ಎಲೆಕೋಸು ಬೆಳೆದಿದೆಯೆಂದು ಶಾಲೆಯ ಮಕ್ಕಳು ನಂಬಿದ್ದಾರೆ. ಈ ಸಲ ಅತ್ತೆ ಕೂದಲನ್ನು ಸುರುಳಿ ಸುರುಳಿ ಮಾಡಿಸಿಕೊಂಡು ಬಂದು, "ಹೋಲ್ಗರ್, ಈ ಸಲನಾದ್ರೂ ನನ್ನ ಮುಖ ಬರೋ ಹಾಗೆ ತೆಗಿಯಪ್ಪ. ಮುಂದಿನ ಸಲ ಸೂರ್ಯ ಬಂದೇ ಬರ್ತಾನೆ, ನಾನಿರ್ತೀನೋ ಇಲ್ವೋ," ಎಂದರು. ಆಗಲಿ ಅತ್ತೆ ಎಂದು ಮಾತು ಕೊಟ್ಟುಬಿಟ್ಟೆ.

ಮುಂದೆ ನಾನು ಪಟ್ಟ ಪಾಡನ್ನು ತಾವು ದಯವಿಟ್ಟು ಮೋಡದ ಹಿಂದೆ ಜಾರಿಕೊಳ್ಳದೆ ಕೇಳಬೇಕು. ಲೆನ್ಸಿಗೆ ನೆರಳು ಕೊಡುವ ಹುಡ್ ಎಂಬ ದುಂಡನೆಯ ಬಳೆಯೊಂದಿದೆ. ಬನ್ನಿನ ಹಿಟ್ಟು ಕತ್ತರಿಸಲು ಅದಕ್ಕಿಂತ ಸರಿಯಾದ ಅಳತೆ ಭೂಮಿಯ ಮೇಲಿಲ್ಲವೆಂದು ನನ್ನ ಹೆಂಡತಿ ಮಾರಿತ್ ಕಂಡುಕೊಂಡು, ಕೆಲಸ ಮುಗಿದ ಮೇಲೆ ಶುಚಿಯಾಗಲೆಂದು ಕುದಿಯುವ ನೀರಿಗೂ ಹಾಕಿ, ಅದನ್ನು ಸೊಟ್ಟಗೆ ಮಾಡಿದ್ದಳು. ಕೇಳಿದರೆ, "ಊರಿಗೆಲ್ಲ ಬನ್ ಬೇಕಿತ್ತು ಕಣ್ರೀ, ನಿಮ್ಮ ಲೆನ್ಸಿಗೇನು ಹೊಟ್ಟೆ ಹಸಿಯುತ್ತಾ?" ಎಂದಳು. ಗಾಜಿನ ಮೇಲೆ ಜಿಡ್ಡಿದ್ದರೆ ಬೆಳಕು ಇನ್ನಷ್ಟು ಚೆಲ್ಲಾಡುತ್ತದೆ, ಅದನ್ನಾದರೂ ಶುಭ್ರವಾಗಿಡೋಣವೆಂದು ಉಜ್ಜಿ ಉಜ್ಜಿ ಮುಗಿಸಿದೆನೋ ಇಲ್ಲವೋ, ಚರ್ಚಿನ ಹಾಡುಗಾರರ ಮುಖಂಡ ಓದ್ವಾರ್ ಬಂದು, "ಇಷ್ಟೇ ಇಷ್ಟು ಗಾಜಿನೊಳಗೆ ಎಲ್ರೂ ಹಿಡಿಸ್ತೀವೇನಯ್ಯ?" ಎಂದು ಜಾಮ್ ಅಂಟಿದ ಬೆರಳನ್ನು ಅದರ ನಟ್ಟನಡುವೆ ಒತ್ತಿ ತೋರಿಸಿದರು.

ಎಲ್ಲರೂ ಮೀನಿನ ಗೋದಾಮಿನ ನೆರಳಿಗೆ ಸರಿಯಿರಿ ಎಂದೆ. "ನೆರಳಾ? ನವೆಂಬರಿಂದ ಇನ್ನೇನು ಮಾಡ್ತಾ ಇದ್ದೀವಿ ಅಂದ್ಕೊಂಡೆ?" ಎಂದು ಸಾಲಿಗೆ ಸಾಲೇ ನನ್ನ ಮೇಲೆ ಹರಿಹಾಯ್ದಿತು. ಹಾಗಾದರೆ ಒಬ್ಬರು, ಯಾರಾದರೂ ಒಬ್ಬರು, ಬಂದು ಲೆನ್ಸಿನ ಪಕ್ಕಕ್ಕೆ ಟೋಪಿ ಅಡ್ಡ ಹಿಡಿಯಿರಿ, ಅಷ್ಟು ಸಾಕು ಎಂದು ಅಂಗಲಾಚಿದೆ. "ಸೂರ್ಯನಿಗೆ ಅಡ್ಡ ಹಿಡಿಯೋದಾ? ಅದೂ ಇವತ್ತು? ನಿಂಗೆ ತಲೆ ನೆಟ್ಟಗಿದೆಯಾ?" ಎಂದರು ಓದ್ವಾರ್. ತಮ್ಮ ಮೇಲೆ ಈ ಜನಕ್ಕಿರುವ ಭಕ್ತಿ ಅಂಥದ್ದು, ಮಹಾಶಯರೇ.

ಕಡೆಗೆ ಗುನ್ವೋರ್ ಅತ್ತೆಯೇ ಮೆಟ್ಟಿಲಿಳಿದು ಬಂದು, ಟೋಪಿ ತೆಗೆದು ಅಡ್ಡ ಹಿಡಿದರು. ಬೊಟ್ಟುಗಳೆಲ್ಲ ಮಂಗಮಾಯ! ಆ ಸಂಭ್ರಮದಲ್ಲಿ ನಾನು ಗುಂಡಿ ಒತ್ತಿಯೇಬಿಟ್ಟೆ. ಅತ್ತೆ ಕ್ಯಾಮೆರಾದ ಹಿಂದಿನ ಪರದೆಗೆ ಮೂಗು ತಾಗಿಸಿ ನೋಡಿ, "ಎಲ್ಲರ ಮುಖಾನೂ ಎಷ್ಟು ಚೆನ್ನಾಗಿ ಬಂದಿದೆಯೋ! ನಾನೆಲ್ಲಿದ್ದೀನಿ?" ಎಂದು ಕೇಳಿದರು.

ಆಮೇಲೆ ಓದ್ವಾರ್ ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು ತಲೆಯ ಟೋಪಿ ಕಿತ್ತರು. ಅವರ ಹಿಂದೆ ಇಡೀ ಊರು ತನ್ನ ಪಾಲಿನ ಬಿಸಿಲನ್ನು ಬಿಟ್ಟು ಬಂದು, ಟೋಪಿ, ಕೈಗವಸು, ಬನ್ನಿನ ತಟ್ಟೆ, ಸಿಕ್ಕಿದ್ದನ್ನೆಲ್ಲ ನನ್ನ ಲೆನ್ಸಿನ ಸುತ್ತ ಅಡ್ಡ ಹಿಡಿದು ನಿಂತಿತು. ಅತ್ತೆಯೊಬ್ಬರನ್ನೇ ಮೆಟ್ಟಿಲ ಮೇಲೆ ನಿಲ್ಲಿಸಿ, ನಾನು ಕಣ್ಣಿಟ್ಟು ನೋಡುವಷ್ಟರಲ್ಲಿ ತಾವು ಬೆಟ್ಟದ ಹಿಂದಕ್ಕೆ ದಯಮಾಡಿಸಿದ್ದಿರಿ.

ಆದಕಾರಣ ನನ್ನ ನಮ್ರ ಬೇಡಿಕೆ: ಜೂನಿನಲ್ಲಿ ತಾವು ರಾತ್ರಿಯಿಡೀ ನಮ್ಮ ಮಲಗುವ ಕೋಣೆಗಳಲ್ಲಿ ಬೇಡವೆಂದರೂ ಝಗಝಗಿಸಿ ಕೋಳಿಗಳಿಗೂ ನಿದ್ದೆ ಕೆಡಿಸುವ ಧಾರಾಳದಲ್ಲಿ ಒಂದೆರಡು ನಿಮಿಷವನ್ನು ಜನವರಿಗೆ ವರ್ಗಾಯಿಸಬೇಕು, ಬರುವಾಗ ತುಸು ಎಡಕ್ಕೆ ಸರಿದು ನಿಲ್ಲಬೇಕು, ಲೆನ್ಸು ಕಂಡ ಕೂಡಲೇ ಮರ್ಯಾದಸ್ಥರಂತೆ ಕಣ್ಣು ತಗ್ಗಿಸಬೇಕು.

ತಮ್ಮ ಬೆಳಕನ್ನೇ ನಂಬಿ ಹೊಟ್ಟೆ ಹೊರೆಯುವ, ಅದರಿಂದಲೇ ಹೆಸರು ಕೆಡಿಸಿಕೊಂಡ
ತಮ್ಮ ವಿಶ್ವಾಸಿ,
ಹೋಲ್ಗರ್

ತಾ.ಕ.: ತಾವು ಹೋದ ಮೇಲೂ ನಾವೆಲ್ಲ ಇಲ್ಲದ ಬಿಸಿಲಿಗೆ ಟೋಪಿ ಅಡ್ಡ ಹಿಡಿದೇ ನಿಂತಿದ್ದುದನ್ನು ಕಂಡು ಗುನ್ವೋರ್ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಗ ಗುಂಡಿ ಒತ್ತಿದೆ. ಒಂದು ಬೊಟ್ಟೂ ಇಲ್ಲ, ಮುಖದ ಒಂದೊಂದು ಸುಕ್ಕೂ ನಗುವುದು ಕಾಣುತ್ತದೆ. ಈ ವರ್ಷದ ಸೂರ್ಯಸ್ವಾಗತದ ಚಿತ್ರವೆಂದು ಗೋಡೆಗೆ ಹಾಕಿರುವುದು ಅದನ್ನೇ. ಅದರಲ್ಲಿ ತಾವಿಲ್ಲ. ಇದುವರೆಗೆ ಯಾರೂ ತಮ್ಮನ್ನು ವಿಚಾರಿಸಿಯೂ ಇಲ್ಲ.