ಪಾತ್ರೆ ಮುಚ್ಚಳದ ದೀಪಗಳು

ಸ್ಕ್ರೂಡ್ರೈವರ್ ಹಿಡಿಯಲು ಬರುವ ಮನುಷ್ಯನನ್ನು ಜನ ಸುಮ್ಮನೆ ಬದುಕಲು ಬಿಡುವುದಿಲ್ಲ. ನಾನು ಮಾಲೂರು ಕಡೆಯವನು. ಗಡಿಯಾಚೆ, ತಮಿಳುನಾಡಿನ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್. ಮದುವೆಗೆ ಹೋದರೆ ಎಲೆ ಹಾಕುವ ಮೊದಲು ಫ್ಯೂಸ್ ತೋರಿಸುತ್ತಾರೆ. ಸಾವಿನ ಮನೆಗೆ ಹೋದರೆ ಅಳು ಒಂದು ಹದಕ್ಕೆ ಬಂದ ಮೇಲೆ, "ಆ ಫ್ಯಾನು ಯಾಕೋ ತಿರುಗ್ತಿಲ್ಲ, ಸ್ವಲ್ಪ ನೋಡ್ತೀರಾ" ಅನ್ನುತ್ತಾರೆ. ಇದೆಲ್ಲ ರೂಢಿಯಾಗಿತ್ತು. ಆದರೆ ನಮ್ಮ ಚರ್ಚಿನ ವೇದಿಕೆಗೆ ನಾನು ಎಲ್‌ಇಡಿ ದೀಪ ಕಟ್ಟಿಕೊಟ್ಟ ಮೇಲೆ ಆದದ್ದು ಯಾವ ರೂಢಿಗೂ ಸೇರುವುದಿಲ್ಲ.

ಬಾಯಿ ತೆರೆದದ್ದು

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಅಯ್ಯನವರು ಕಮಿಟಿಯವರನ್ನು ಕೂರಿಸಿಕೊಂಡು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೊಡ್ಡ ಊರಿನ ದೊಡ್ಡ ಚರ್ಚು. ವೇದಿಕೆಯ ಮೇಲೆ ನೇರಳೆ ಬೆಳಕು, ಹೊಗೆ, ಆ ಹೊಗೆಯೊಳಗೆ ಹಾಡುವವರು.

"ನಮಗೂ ಇಂಥದ್ದು ಬೇಕು. ಆದರೆ ನಮ್ಮಿಂದ ಆಗುತ್ತಾ?" ಎಂದು ನಿಟ್ಟುಸಿರು ಬಿಟ್ಟರು.

ನಾನು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದೆ. ಸುಮ್ಮನೆ ಚಪ್ಪಲಿ ಹಾಕಿಕೊಂಡು ಹೋಗಬಹುದಿತ್ತು. ಬದಲಿಗೆ, "ಅದರಲ್ಲೇನಿದೆ ಅಯ್ಯಾ, ಎಲ್‌ಇಡಿ, ತಗಡು, ಎರಡು ವೈರು ಅಷ್ಟೇ" ಅಂದೆ.

ಎಲ್ಲರೂ ತಿರುಗಿ ನೋಡಿದರು. ಕಮಿಟಿಯ ಸೆಕ್ರೆಟರಿ ತಮಿಳಿನವರು, ನನ್ನ ಹತ್ತಿರ ಮಾತ್ರ ಕನ್ನಡ ಬೆರೆಸಿ ಮಾತಾಡುವವರು. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಬ್ರದರ್, ಇಷ್ಟು ದಿನ ಈ ಕೈಗಳನ್ನ ಎಲ್ಲಿ ಇಟ್ಟುಕೊಂಡಿದ್ರಿ?"

ಈಗ ಕೇಳಿದರೆ ಹೇಳುತ್ತೇನೆ: ಜೇಬಿನಲ್ಲಿ. ಅಲ್ಲೇ ಇರಬೇಕಿತ್ತು.

ಮುಚ್ಚಳ

ಜೋರಾಗಿ ಉರಿಯುವ ಎಲ್‌ಇಡಿ ಬಲು ಬೇಗ ಕಾಯುತ್ತದೆ. ಆ ಶಾಖ ಹೀರಿಕೊಳ್ಳಲು ಹಿಂದುಗಡೆ ದಪ್ಪ ಅಲ್ಯೂಮಿನಿಯಂ ಇರಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಹದವಾದದ್ದು ಸಿಗಲಿಲ್ಲ. ಮನೆಗೆ ಬಂದು ನೀರು ಕುಡಿಯುವಾಗ ಅಟ್ಟದ ಮೇಲೆ ನನ್ನ ಹೆಂಡತಿಯ ತವರಿನ ಪಾತ್ರೆಗಳು ಕಂಡವು. ಹಬ್ಬಕ್ಕೆ ಮಾತ್ರ ಇಳಿಸುವಂಥವು. ಆರು ಪಾತ್ರೆ, ಆರು ಮುಚ್ಚಳ. ದಪ್ಪ, ಅಗಲ, ಚಪ್ಪಟೆ. ಕಾರ್ಖಾನೆಯಲ್ಲೇ ಮಾಡಿಸಿದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅವಳು ಹಾಡಿನ ಪ್ರಾಕ್ಟೀಸಿಗೆ ಹೋಗಿದ್ದಾಗ ಆರೂ ಮುಚ್ಚಳಕ್ಕೆ ತೂತು ಕೊರೆದೆ. ಸುತ್ತ ತಗಡಿನ ಮರೆ ಕಟ್ಟಿ, ನಿಲ್ಲಿಸಲು ಎತ್ತರದ ಪಿವಿಸಿ ಪೈಪಿನ ಕಾಲು ಕೊಟ್ಟೆ. ಒಂದು ವಾರ ಅವಳು ಗಮನಿಸಲಿಲ್ಲ. ಮೊದಲ ಸಲ ದೀಪ ಹಾಕಿ ತೋರಿಸಿದ ದಿನ ಚರ್ಚೆಲ್ಲ ಚಪ್ಪಾಳೆ ತಟ್ಟಿತು. ಇವಳು ಮಾತ್ರ ವೇದಿಕೆಯ ಹತ್ತಿರ ಹೋಗಿ ಕತ್ತು ಹೊರಳಿಸಿ ದೀಪದ ಹಿಂಭಾಗ ನೋಡಿದಳು. ಅಲ್ಲಿ ಅವಳ ಅಮ್ಮನ ಹೆಸರು ಕೊರೆದಿತ್ತು.

ಮನೆಗೆ ಬಂದ ಮೇಲೆ ಕೇಳಿದಳು, "ಏನ್ರೀ, ನಮ್ಮಮ್ಮನ್ನ ಹಿಂದ್ಕೆ ತಿರುಗಾಕಿ ನಿಲ್ಲಿಸ್ಬುಟ್ರಲ್ಲ?"

"ದೇವರ ಕೆಲಸ ಕಣೇ" ಅಂದೆ.

"ದೇವರು ಕೇಳಿದ್ದು ಮುಚ್ಚಳಾನಾ? ಪಾತ್ರೇನೂ ತಗೊಂಡೋಗಿ. ಮುಚ್ಚಳ ಇಲ್ದಿದ್ ಪಾತ್ರೆ ಹಲ್ಲಿ ಬೀಳಾಕಲ್ದೆ ಇನ್ಯಾತಕ್ಕೆ?"

ಅವಳ ತಾಯಿ ತೀರಿಕೊಂಡು ಮೂರು ವರ್ಷ ಆಗಿತ್ತು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಚಪ್ಪಾಳೆಯ ಸದ್ದು ಇನ್ನೂ ಕಿವಿಯಲ್ಲಿತ್ತು, ಆದರೆ ಅಂದು ಊಟ ನಾನೇ ಬಡಿಸಿಕೊಂಡೆ.

ಬಣ್ಣ

ಬಣ್ಣಗಳನ್ನು ಆರಿಸಲು ಕಮಿಟಿ ಸೇರಿತು. ಪಾಸ್ಟರ್ ಅಯ್ಯನವರನ್ನೇ ವೇದಿಕೆಯ ಮೇಲೆ ನಿಲ್ಲಿಸಿ ಒಂದೊಂದೇ ಬಣ್ಣ ಬಿಟ್ಟೆ.

ಮೊದಲು ಕೆಂಪು. ಸೆಕ್ರೆಟರಿ ಎದೆ ಮುಟ್ಟಿಕೊಂಡರು. "ಬ್ರದರ್, ನರಕದ ಬಗ್ಗೆ ಪ್ರಸಂಗ ಮಾಡೋ ದಿನ ಸರಿ. ಉಳಿದ ದಿನ ಬೇಡ."

ನೀಲಿ ಬಿಟ್ಟೆ. ಕಸ ಗುಡಿಸುತ್ತಿದ್ದ ಅಜ್ಜಿ ಪೊರಕೆ ಬಿಟ್ಟು "ಅಯ್ಯೋ ಸ್ವಾಮೀ" ಎಂದು ಕೂಗಿಕೊಂಡಳು. ತಿರುಗಿ ನೋಡಿದರೆ ನಿಜವಾಗಿಯೂ ಪಾಸ್ಟರ್ ಅಯ್ಯನವರು ಹೆಣ ಇಡುವ ಫ್ರೀಜರ್ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟವರಂತೆ ಕಾಣುತ್ತಿದ್ದರು. ಅವರ ಮುಖ ಸಪ್ಪಗಾಯಿತು. ಅದರಿಂದ ಇನ್ನಷ್ಟು ಹಾಗೆಯೇ ಕಂಡರು.

ಹಸಿರು ಅಂದೆ. "ಅದು ಒಂದು ಪಾರ್ಟಿ." ಹಳದಿ ಅಂದೆ. "ಅದೂ ಪಾರ್ಟಿ." ಕೇಸರಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮೂರು ಜನ ಒಟ್ಟಿಗೆ ಕೈ ಅಡ್ಡ ಹಿಡಿದರು. ಚುನಾವಣೆಗೆ ಬಣ್ಣ ಬಳಿದ ಹಳ್ಳಿಯ ಗೋಡೆಗಳನ್ನು ನೋಡಿದ್ದೀರಲ್ಲ, ನಮ್ಮ ಜಿಲ್ಲೆಯಲ್ಲಿ ಪಾರ್ಟಿಗೆ ಸೇರದ ಬಣ್ಣವೇ ಉಳಿದಿಲ್ಲ.

ಎರಡು ತಿಂಗಳು ಶಿಫ್ಟು ಮುಗಿಸಿ ಬಂದು ಕೂತು, ಹದಿನಾರು ಬಣ್ಣ ಬರುವಂತೆ ಮಾಡಿದ್ದೆ. ಕೊನೆಗೆ ಬಿಳಿ ಬಿಟ್ಟೆ. ಎಲ್ಲರ ಮುಖವೂ ಅರಳಿತು. ಸೆಕ್ರೆಟರಿ ನನ್ನ ಬೆನ್ನು ತಟ್ಟಿದರು.

"ಬಿಳಿ ಬಹಳ ಚೆನ್ನಾಗಿದೆ ಬ್ರದರ್. ಆದರೆ ಒಂದು ಡೌಟು. ಇದಕ್ಕೆ ಟ್ಯೂಬ್‌ಲೈಟೇ ಸಾಕಿತ್ತಲ್ಲ?"

ಪಟ್ಟೆ

ಚರ್ಚಿನ ಆರಾಧನೆಯನ್ನು ಫೋನಿನಲ್ಲಿ ನೇರ ಪ್ರಸಾರ ಮಾಡುತ್ತಾರೆ. ಹೊಸ ದೀಪದ ಮೊದಲ ಪ್ರಸಾರ ಮುಗಿದ ತಕ್ಷಣ ಪಾಸ್ಟರ್ ಅಯ್ಯನವರಿಗೆ ದುಬೈನಿಂದ ಅಳಿಯನ ಫೋನು. "ಮಾವಾ, ನಿಮ್ಮ ಮೈಮೇಲೆಲ್ಲ ಕಪ್ಪು ಪಟ್ಟೆ ಓಡಾಡ್ತಾ ಇದಾವೆ. ಜೈಲಿಂದ ನೇರ ಬಂದು ಪ್ರಸಂಗ ಮಾಡ್ದಂಗಿತ್ತು."

ಕಾರಣ ನನಗೆ ಗೊತ್ತಿತ್ತು. ಬೆಳಕು ತಗ್ಗಿಸಲು ನಾನು ಹಾಕಿದ್ದ ಅಗ್ಗದ ಬೋರ್ಡು ದೀಪವನ್ನು ಕ್ಷಣಕ್ಕೆ ನೂರಾರು ಸಲ ಆರಿಸಿ ಹೊತ್ತಿಸುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಇದನ್ನು ಹೇಳಲು ಹೋದೆ. ಅಷ್ಟರಲ್ಲಿ ಪಾಸ್ಟರ್ ಅಯ್ಯನವರು ಇದು ಸೈತಾನನ ಕೆಲಸ ಎಂದು ಮೂರು ದಿನದ ಉಪವಾಸ ಪ್ರಾರ್ಥನೆ ಸಾರಿಬಿಟ್ಟಿದ್ದರು. ಎಷ್ಟೋ ಜನ ನಿಜವಾಗಿಯೂ ಹಸಿದುಕೊಂಡು ಬಂದು ಪ್ರಾರ್ಥಿಸಿದರು. ಎರಡನೇ ದಿನ ನಾನು ಏಣಿ ಹತ್ತಿ ಬೋರ್ಡು ಬದಲಾಯಿಸಿದೆ. ಪಟ್ಟೆ ಹೋಯಿತು.

ಭಾನುವಾರ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದ ಸೆಕ್ರೆಟರಿ ಕಣ್ಣೀರು ಒರೆಸಿಕೊಳ್ಳುತ್ತ, ಮೂರು ದಿನದ ಪ್ರಾರ್ಥನೆಗೆ ಆ ಪಟ್ಟೆಗಳು ದಿಕ್ಕಾಪಾಲಾಗಿ ಓಡಿದವು ಎಂದರು. ಚರ್ಚು ಗುಡುಗಿತು. ಹೊರಗೆ ಬಂದ ಮೇಲೆ ನಾನು ಮೆಲ್ಲಗೆ ಹೇಳಿದೆ, "ಅಣ್ಣಾ, ಬೋರ್ಡು ಬದಲಾಯಿಸಿದ್ದು ನಾನು."

"ಬದಲಾಯಿಸಬೇಕು ಅನ್ನೋ ಬುದ್ಧಿ ನಿಮಗೆ ಕೊಟ್ಟಿದ್ದು ಯಾರು ಬ್ರದರ್? ದೇವರು."

"ಸರಿ ಅಣ್ಣಾ. ಹಂಗಾದ್ರೆ ಮೊದಲು ಆ ಕೆಟ್ಟ ಬೋರ್ಡು ಹಾಕೋ ಬುದ್ಧಿ ಕೊಟ್ಟಿದ್ದು?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅದು ನಿಮ್ಮದೇ."

ಡ್ಯೂಟಿ

ನಮ್ಮ ಚರ್ಚಿನಲ್ಲಿ ಕನ್ನಡದ ಆರಾಧನೆ ಬೆಳಿಗ್ಗೆ ಆರೂವರೆಗೆ. ತಮಿಳಿನದು ಒಂಬತ್ತಕ್ಕೆ. ನಾವು ಕನ್ನಡದವರು ನಲವತ್ತು ಜನ ಇರಬಹುದು. ಹೊಸೂರಿನ ಚಳಿಗಾಲದ ಆರೂವರೆ ಅಂದರೆ ಮಂಜು, ಕತ್ತಲೆ. ಒಂದು ಬೆಳಿಗ್ಗೆ ಹಾಡಿನ ಪುಸ್ತಕ ಕಾಣದೆ ನನ್ನ ಹೆಂಡತಿ ಮೂರನೇ ಚರಣದಿಂದ ಐದನೇದಕ್ಕೆ ಹಾರಿದಳು. ಹಿಂದಿದ್ದವರು ನಾಲ್ಕನೇದು ಹಾಡುತ್ತಿದ್ದರು.

ಸೆಕ್ರೆಟರಿಯ ಹತ್ತಿರ ಹೋಗಿ ಕೇಳಿದೆ, "ಅಣ್ಣಾ, ನಮಗೂ ಆ ವೇದಿಕೆ ದೀಪ ಹಾಕಬಹುದಲ್ವಾ?"

"ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿದೆ ಬ್ರದರ್. ಆಪರೇಟರ್ ಬಿಟ್ಟು ಬೇರೆಯವರು ಮುಟ್ಟಬಾರದು ಅಂತ ಕಮಿಟಿ ತೀರ್ಮಾನ."

"ಆಪರೇಟರ್ ನಾನೇ ಅಲ್ವಾ?"

"ಹೌದು. ಆದರೆ ನಿಮ್ಮ ಡ್ಯೂಟಿ ಒಂಬತ್ತಕ್ಕೆ."

ಎಂದ ಊರು?

ಹೋದ ವರ್ಷ ಚರ್ಚಿನ ವಾರ್ಷಿಕೋತ್ಸವಕ್ಕೆ ಚೆನ್ನೈನಿಂದ ಒಬ್ಬ ದೊಡ್ಡ ಬೋಧಕರು ಬಂದಿದ್ದರು. ಮಧ್ಯಾಹ್ನ ಮೂರಕ್ಕೆ ಶುರುವಾಗಿ ಐದಕ್ಕೆ ಮುಗಿಯಿತು. ಅಂದು ನನ್ನ ದೀಪಗಳು ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ. ಹಾಡುವಾಗ ಬೆಳಕು ಏರಿತು, ಪ್ರಾರ್ಥನೆಗೆ ತಾನಾಗಿ ತಗ್ಗಿತು. ಬೋಧಕರು ವೇದಿಕೆಯಿಂದ ಇಳಿದವರೇ ದೀಪಗಳ ಹತ್ತಿರ ನಿಂತು ಮೆಚ್ಚಿಕೊಂಡರು. ನಾನು ಅಲ್ಲೇ ವೈರು ಸುತ್ತುತ್ತಿದ್ದೆ. ಇಂದಾದರೂ ಹೆಸರು ಹೇಳುತ್ತಾರೆ ಎಂದು ಶರಟಿನ ಕಾಲರ್ ಸರಿಮಾಡಿಕೊಂಡೆ.

"ಲೈಟು ಎಲ್ಲಿಂದ ತರಿಸಿದಿರಿ?" ಎಂದು ಬೋಧಕರು ತಮಿಳಿನಲ್ಲಿ ಕೇಳಿದರು.

ಸೆಕ್ರೆಟರಿ ಒಮ್ಮೆ ಪಿವಿಸಿ ಪೈಪು ನೋಡಿದರು, ಒಮ್ಮೆ ನನ್ನ ಹವಾಯಿ ಚಪ್ಪಲಿ ನೋಡಿದರು. ಎದೆಯುಬ್ಬಿಸಿ ಹೇಳಿದರು, "ಬೆಂಗಳೂರಿಂದ ಅಯ್ಯಾ. ದೊಡ್ಡ ಕಂಪನಿ. ಇವರು ಅಲ್ಲಿಯ ಆಪರೇಟರು."

ಬೋಧಕರು ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು, "ಎಂದ ಊರು ತಂಬಿ?" ಯಾವ ಊರಪ್ಪ ನಿಂದು ಅಂತ.

ಚರ್ಚಿನ ಹಿಂದಿನ ಬೀದಿಯಲ್ಲಿ ನನ್ನ ಮನೆ. ಇಪ್ಪತ್ತೆರಡು ವರ್ಷ. ಪಾಸ್ಟರ್ ಅಯ್ಯನವರು ನೆಲ ನೋಡುತ್ತಿದ್ದರು. ಸೆಕ್ರೆಟರಿ ಕಣ್ಣಲ್ಲೇ ಕೈ ಮುಗಿಯುತ್ತಿದ್ದರು. ಸುತ್ತ ಹತ್ತು ಜನ ನಿಂತಿದ್ದರು. ಎಲ್ಲರಿಗೂ ನಾನು ಫ್ಯಾನು, ಮಿಕ್ಸಿ, ಮೋಟರು ಸರಿಮಾಡಿಕೊಟ್ಟವನು. ಒಬ್ಬರಾದರೂ "ಇವರು ನಮ್ಮವರೇ ಅಯ್ಯಾ" ಅನ್ನಲಿಲ್ಲ. ನನ್ನನ್ನು ಹೊರಗಿನವನು ಅನ್ನುವುದು ಅವರಿಗೆ ಅಷ್ಟು ಸುಲಭವಾಗಿತ್ತು.

"ಬೆಂಗಳೂರು ಅಯ್ಯಾ" ಅಂದೆ.

ಬೋಧಕರು ತಲೆಯಾಡಿಸಿ ಸೆಕ್ರೆಟರಿಗೆ ಬುದ್ಧಿ ಹೇಳಿದರು, "ಅಷ್ಟು ದೂರದಿಂದ ಯಾಕಪ್ಪ? ಹೊಸೂರು ತುಂಬ ಫ್ಯಾಕ್ಟರಿ. ನಿಮ್ಮ ಸಭೆಯಲ್ಲೇ ಕರೆಂಟಿನ ಕೆಲಸ ಬಲ್ಲವರು ಯಾರೂ ಇಲ್ವಾ? ಡಬ್ಬ ತಗಡಿನಲ್ಲೇ ಮಾಡಿಕೊಡ್ತಿದ್ರಲ್ಲ."

"ಅಂಥ ಬುದ್ಧಿ ಇರೋರು ನಮ್ಮಲ್ಲಿ ಯಾರೂ ಇಲ್ಲ ಅಯ್ಯಾ" ಎಂದರು ಸೆಕ್ರೆಟರಿ, ಬಹಳ ವಿನಯದಿಂದ.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬೋಧಕರ ಕಾರು ಬರುವುದು ತಡವಾಯಿತು. ಅವರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ನನ್ನನ್ನೇ ನೋಡಿದರು. "ಸಾಮಾನು ಬಿಚ್ಚಲ್ವಾ ತಂಬಿ? ನೀವು ದೂರ ಹೋಗಬೇಕು. ಬೇಗ ಹೊರಡಿ, ಅತ್ತಿಬೆಲೆಯಲ್ಲಿ ಟ್ರಾಫಿಕ್ಕು."

ನಾನು ಸೆಕ್ರೆಟರಿಯ ಮುಖ ನೋಡಿದೆ. ಸೆಕ್ರೆಟರಿ ಪಾಸ್ಟರ್ ಅಯ್ಯನವರ ಮುಖ ನೋಡಿದರು. ಪಾಸ್ಟರ್ ಅಯ್ಯನವರು ಇನ್ನೂ ನೆಲವನ್ನೇ ನೋಡುತ್ತಿದ್ದರು. ನಾನು ಏಣಿ ತಂದೆ. ಬೋಧಕರ ಮುಂದೆಯೇ ಆರೂ ದೀಪ ಬಿಚ್ಚಿದೆ. ವೈರು, ಸ್ವಿಚ್ ಪೆಟ್ಟಿಗೆ, ಬೋರ್ಡು, ಒಂದು ಸ್ಕ್ರೂ ಬಿಡದೆ ಎಲ್ಲ ನನ್ನ ಮೊಪೆಡ್ಡಿನ ಮೇಲೆ ಹೇರಿದೆ. ಹಗ್ಗದ ಒಂದು ತುದಿಯನ್ನು ಸೆಕ್ರೆಟರಿಯೇ ಹಿಡಿದು ಗಂಟು ಹಾಕಬೇಕಾಯಿತು. ಬೋಧಕರು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಪ್ರಯಾಣ ಸುಖವಾಗಿರಲಿ ಎಂದು ಪ್ರಾರ್ಥನೆ ಮಾಡಿದರು. ಎಲ್ಲರೂ ಆಮೆನ್ ಅಂದರು.

ಗೇಟು ದಾಟಿ ಎಡಕ್ಕೆ ತಿರುಗಿದೆ. ಇನ್ನೊಂದು ಸಲ ಎಡಕ್ಕೆ. ಪ್ರಯಾಣ ಒಂದು ನಿಮಿಷದಲ್ಲಿ ಮುಗಿಯಿತು, ಸುಖವಾಗಿಯೇ.

ಮುಂದಿನ ಶನಿವಾರ ಸೆಕ್ರೆಟರಿ ನಮ್ಮ ಬಾಗಿಲಿಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅವರು ಒಂದು ಗುಟುಕು ಕುಡಿದು, ಮೂಲೆಯಲ್ಲಿ ರಾಶಿ ಬಿದ್ದಿದ್ದ ದೀಪಗಳ ಕಡೆ ಕಣ್ಣು ಹಾಯಿಸಿ, ಕೆಮ್ಮಿ ಕೇಳಿದರು, "ಬ್ರದರ್, ನಾಳೆ ಆರಾಧನೆಗೆ ಲೈಟು ಬರುತ್ತಲ್ಲ?"

"ಹೇಳಕ್ಕಾಗಲ್ಲ ಅಣ್ಣಾ" ಅಂದೆ. "ಬೆಂಗಳೂರಿಂದ ಬರಬೇಕು. ಅತ್ತಿಬೆಲೇಲಿ ಟ್ರಾಫಿಕ್ಕು."